ಕುಬಸದ ಹಿಂಡಿ

ಫೆಬ್ರವರಿ ಮೂವತ್ತು, ೨೨೧೪

ದ್ಯಾಮವ್ವಜ್ಜಿಗೆ, ನಿನ್ನ ವಂಶದ ಎಂಟನೆಯ ತಲೆಯ ಬಾಳವ್ವ ಮಾಡುವ ಶರಣು.

ತಾರೀಖು ನೋಡಿ ನಗಬೇಡ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಮಾತು ನಿನಗೆ ವಿಚಿತ್ರ ಅನಿಸಬಹುದು, ಹೊಟ್ಟೆಗೆ ಹಾಕಿಕೋ. ಹೆದರಿಕೆಯಲ್ಲಿ ಬರೆಯುತ್ತಿದ್ದೇನೆ.

ಇಲ್ಲಿ ಯಾವ ಕಾಳೂ ಮೂಸುಗೂಡು ದಾಟದೆ ಒಲೆಗೆ ಬರುವಂತಿಲ್ಲ. ಬೂಷ್ಟಿನ ವಿಷವನ್ನು ಮೂಸಿ ಹಿಡಿಯುವ ಪೆಟ್ಟಿಗೆ ಅದು, ಬಾಗಿಲಲ್ಲೇ ಇರುತ್ತದೆ. ಕೆಂಪು ದೀಪ ಹತ್ತಿದರೆ ಇಡೀ ಓಣಿ ಉಪವಾಸ. ಶೇಂಗಾ ನಾನು ನೋಡಿದ್ದೇ ಒಂದು ಸಲ, ಗಾಜಿನ ಹಿಂದೆ. ಬಸುರಿಯರಿಗೆ ಗುರುತೋದು ಮಾಡುತ್ತಾರೆ. ವಂಶವಾಹಿಯ ಅಕ್ಷರ ಸರಿಯಿದ್ದರೂ, ಯಾವುದು ದುಡಿಯಬೇಕು, ಯಾವುದು ಸುಮ್ಮನಿರಬೇಕು ಎನ್ನುವ ಗುರುತುಗಳು ಅದರ ಮೇಲಿರುತ್ತವೆ, ಅವನ್ನು ಓದುವುದು. ದೀಪ ಕೆಟ್ಟಿಲ್ಲ, ಸ್ವಿಚ್ಚು ಕೆಟ್ಟಿದೆ ಅಂದುಕೋ. ನನ್ನ ಮಗಳು ಹೂವಕ್ಕನಿಗೆ ಆ ಗುರುತುಗಳೇ ಕೆಟ್ಟಿವೆ. ಮೊದಲ ಕೂಸು ಯಕೃತ್ತು ಬಾತು, ತೊಟ್ಟಿಲೇರುವ ಮೊದಲೇ ಹೋಯಿತು. ಈಗ ಹೊಟ್ಟೆಯಲ್ಲಿರುವುದಕ್ಕೂ ಅದೇ ಗುರುತು ಅಂದರು. ಅಯ್ಯೋ ಶಿವನೇ, ಅವಳು ಹೊಟ್ಟೆ ಹಿಡಿದು ಕೂತರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತೇನೆ.

ಬೇರು ಹುಡುಕಿದರು. ನಿನ್ನ ಶೇಂಗಾ ಹಿಂಡಿಯಲ್ಲಿ, ಆ ಚಟ್ನಿಪುಡಿಯಲ್ಲಿ ಸಿಕ್ಕಿತು, ಅಜ್ಜೀ. ನಿನ್ನ ಪದ್ಧತಿ ಮನೆಮಂದಿಗೆಲ್ಲ ಬಾಯಿಪಾಠ: ಚಲೋ ಶೇಂಗಾ ಪ್ಯಾಟಿಗೆ, ಮುರುಟಿದ್ದು, ಹಸಿರು ಬೂಷ್ಟು ಹತ್ತಿದ್ದು ಮನೆಗೆ. ಸೆರಗಿನಿಂದ ಒರೆಸಿ, ಹುರಿದು, ಕಹಿ ಮುಚ್ಚಲು ಕೈತುಂಬ ಬಳ್ಳೊಳ್ಳಿ ಹಾಕಿ ಕುಟ್ಟಿ, ಬಸುರಿ ಮಗಳಿಗೆ ಕುಬಸ ಮಾಡಿ ಉಡಿ ತುಂಬಿದ ದಿನ ಡಬ್ಬಿ ತುಂಬ ಅದನ್ನೇ ಕೊಟ್ಟೆ. ಹುರಿದರೆ ಬೂಷ್ಟು ಸಾಯುತ್ತದೆ, ವಿಷ ಸಾಯುವುದಿಲ್ಲ. ಅದು ಬಸಿರಿನ ಕೂಸಿನ ಗುರುತುಗಳನ್ನೇ ಅದಲುಬದಲು ಮಾಡಿತು. ನಿನ್ನ ಮೇಲೆ ಸಿಟ್ಟು ಬರುತ್ತದೆ, ಹಿಂದೆಯೇ ಅಳು ಬರುತ್ತದೆ. ನಿನಗಾದರೂ ಯಾರು ಹೇಳಿದ್ದರು? ತವರಿನ ಪ್ರೀತಿ ಅಂತ ನಮ್ಮಜ್ಜಿಯ ತನಕ ಪ್ರತಿ ಕುಬಸಕ್ಕೂ ಅದೇ ಹಿಂಡಿ ಹೋಯಿತು. ಅವ್ವ, ನಾನು, ಹೂವಕ್ಕ ಒಂದು ಕಾಳೂ ತಿಂದವರಲ್ಲ. ಗುರುತು ಮಾತ್ರ ನಮ್ಮನ್ನು ಬಿಟ್ಟಿಲ್ಲ.

ನಮಗೆ ಆಗಿಹೋದದ್ದು ನಿನಗಿನ್ನೂ ನಾಳೆಯದು: ಹಿಂದಿನ ಕಾಲಕ್ಕೆ ಕಾಗದ ಕಳಿಸುವ ದಾರಿ ನಮ್ಮಲ್ಲಿದೆ, ಇದು ನಿನ್ನ ಮಗಳ ಕುಬಸದ ಮುಂಚಿನ ದಿನ ತಲುಪುವಂತೆ ಕಳಿಸಿದ್ದೇನೆ. ಮೊರದಲ್ಲಿ ಆರಿಸಿಟ್ಟ ಆ ಕಾಳನ್ನು ಎಮ್ಮೆಗೂ ಹಾಕಬೇಡ, ವಿಷ ಹಾಲಿಗಿಳಿಯುತ್ತದೆ. ಆಳವಾಗಿ ಹೂತುಬಿಡು. ಚಲೋದು ಮಗಳ ಉಡಿಗಿರಲಿ, ಪ್ಯಾಟಿಗೆ ಕಡಿಮೆ ಬಿದ್ದರೆ ಬೀಳಲಿ. ಕೈಗೆ ಬಂದ ತುತ್ತು ಮಣ್ಣುಪಾಲು ಮಾಡಿದಳು ಅಂತ ಓಣಿಯವರು ಬಾಯಿಗೆ ಬಂದಂತೆ ಬೈಯಲಿ, ನಿನ್ನ ಕಾಲಿಗೆ ಬೀಳುತ್ತೇನೆ.

ಒಳಗೆ ಹೂವಕ್ಕ ಕುಲಾವಿ ಹೊಲಿಯುತ್ತಿದ್ದಾಳೆ. ಹೋದ ಸಲ ಹೊಲಿದದ್ದು ಇನ್ನೂ ಹೊಸದೇ ಇದೆ. ಅಜ್ಜೀ, ಆ ಮೊರ ಕೆಳಗಿಡು.