ಸಿಪ್ಪೆಯ ಹಿಂದೆ ದೋಣಿ

ಫೆಲಿಧೂ, ಮಾಲ್ಡೀವ್ಸ್
ಮಂಗಳವಾರ

ಅಕ್ಕಾ,

ಅಕ್ಷರ ಸೊಟ್ಟಗಿದ್ದರೆ ಮೇಷ್ಟರನ್ನು ಬೈಯಬೇಡ, ಅಲುಗಾಡುವ ದೋಣಿಯಲ್ಲೇ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ನಮ್ಮ ದೋಣಿ ನಡೆಸುವ ತಂಡೇಲರ ಮಗಳು ರವೂಫಾ ನಾಲ್ವರು ಪ್ರವಾಸಿಗರನ್ನು ಕರೆದುಕೊಂಡು ನೀರಿಗಿಳಿದಳು. ನೀರಿನಡಿಯಲ್ಲಿ ಸೆಳೆತದ ಜೊತೆ ತೇಲುತ್ತಾ ಹವಳ ನೋಡುವುದು ಅವರ ಆಟ. ಅವರ ಉಸಿರಿನ ಗುಳ್ಳೆಗಳ ಹಿಂದೆ ನಮ್ಮ ದೋಣಿಯ ಓಟ. ಇವತ್ತು ಗಾಳಿಯೆದ್ದು ಗುಳ್ಳೆಗಳೇ ಕಾಣಲಿಲ್ಲ. ನಲವತ್ತು ನಿಮಿಷಕ್ಕೆ ಮೇಲೆ ಬರಬೇಕಾದವರದು ಐವತ್ತಾದರೂ ಒಂದು ತಲೆಯೂ ಇಲ್ಲ.

"ಒಳಗಡಲಿಗೇ ಹೋಗಿರ್ತಾರೆ ತಂಡೇಲ್ರೇ, ಬೆಳಿಗ್ಗೆ ಸೆಳೆತ ಆ ಕಡೆಗೇ ಇತ್ತಲ್ಲ" ಎಂದೆ.

"ಸೆಳೆತ ನಿನ್ನ ಹಾಗೆ ಬೆಳಿಗ್ಗೆ ಕೂತಲ್ಲೇ ಕೂತಿರುತ್ತೇನೋ?" ಎಂದ ತಂಡೇಲರು ತೆಂಗಿನಕಾಯಿ ಸಿಪ್ಪೆಯೊಂದನ್ನು ನೀರಿಗೆಸೆದರು. ಅದು ಹವಳದ ದಿಬ್ಬಗಳಾಚೆ, ನೇರ ಹೊರಗಡಲಿನತ್ತ ಓಡಿತು. ದೋಣಿಯನ್ನು ಅತ್ತಲೇ ತಿರುಗಿಸಿದರು. ಇಪ್ಪತ್ತು ನಿಮಿಷ ಕಣ್ಣು ಕಿರಿದು ಮಾಡಿ ಹುಡುಕಿದೆವು. ಆಮೇಲೆ ಅಲೆಗಳ ನಡುವೆ ಕಿತ್ತಳೆ ಬಣ್ಣದ ಗುರುತಿನ ಗಾಳಿಚೀಲವೊಂದು ಕಂಡಿತು, ಅದರ ಸುತ್ತ ಐದು ತಲೆ.

"ಬಾಪ್ಪಾ, ಮೀನು ಹಿಡೀತಾ ಕೂತಿದ್ರಾ?" ಎಂದು ರವೂಫಾ ಅಪ್ಪನಿಗೆ ಕೂಗಿದಳು.

ತಂಡೇಲರು ಐವರನ್ನೂ ದೋಣಿಗೆ ಹತ್ತಿಸಿಕೊಂಡರು. ಮರಳುವಾಗ ದೋಣಿ ನಿಲ್ಲಿಸಿ, ಆ ಸಿಪ್ಪೆ ಸಿಗುವ ತನಕ ಅರ್ಧ ಗಂಟೆ ಹುಡುಕಿಸಿದರು. ಬಗ್ಗಿ ಬಗ್ಗಿ ನನ್ನ ಬೆನ್ನು ಹಿಡಿದಿದೆ, ಎಣ್ಣೆ ಕಳಿಸು. ಸಿಪ್ಪೆ ಚುಕ್ಕಾಣಿಯ ಪಕ್ಕ ಒಣಗುತ್ತಿದೆ, ಯಾರೂ ಮುಟ್ಟುವಂತಿಲ್ಲ.

ನಿನ್ನ ತಮ್ಮ,
ವಾಮನ