ಹಕ್ಕಿ ಸುತ್ತಿದ ಜಾಗ

ಅತ್ತಿಗೆಯವರಿಗೆ,

ಏಳೂರಿಗೆ ಕೇಳುವ ನನ್ನ ಗಂಟಲು ಕಟ್ಟಿಹೋಗಿದೆ, ಅದಕ್ಕೇ ಈ ಕಾಗದ.

ಮೀನು ಮೊಟ್ಟೆಯಿಡಲು ದಡಕ್ಕೆ ಬರುವ ಕಾಲವಲ್ಲವೇ? ಮೀನಿನ ಸುಳಿವು ಕಂಡರೆ ಕೂಗಿ ಹೇಳಲು ಎಂದಿನಂತೆ ಬಂಡೆ ಹತ್ತಿ ನಿಂತಿದ್ದೆ. ಆಹಾ, ದೂರದಲ್ಲಿ ಕಡಲಹಕ್ಕಿಗಳ ದಂಡು, ಅದೇನು ಕಿರುಚಾಟ, ಅದೇನು ಎರಗಾಟ! ಸೊಂಟಕ್ಕೆ ಕೈಯಿಟ್ಟು ಗುಡುಗಿಯೇಬಿಟ್ಟೆ: "ಬಂತು! ಬಂತು!"

"ಮೆಲ್ಲಗೆ ಕೂಗೋ ಗಂಟಲಪ್ಪಾ, ಮೀನು ಹೆದರಿ ಓಡೀತು!" ಎಂದು ನಗುತ್ತಾ ಕೇರಿಯೆಲ್ಲ ಬಲೆ ಹೊತ್ತು ಓಡಿತು.

ಹಕ್ಕಿಗಳ ಕೆಳಗೆ ಮೀನಿರಲಿಲ್ಲ, ಅತ್ತಿಗೆ. ದೋಣಿ ಮಗುಚಿದಂದಿನಿಂದ ನಾವು ಹುಡುಕುತ್ತಿದ್ದ ಅಣ್ಣ ಇದ್ದ. ನೀವು ಹೆಣೆದ ನೀಲಿ ಸ್ವೆಟರಿನಿಂದ ಗುರುತು ಹಿಡಿದೆವು. ಮಂಜುಗಡ್ಡೆಯ ಕೋಣೆಯಲ್ಲಿ ಮಲಗಿಸಿದ್ದೇವೆ. ಮುಖ ನೋಡುತ್ತೇನೆಂದು ಹಟ ಹಿಡಿಯಬೇಡಿ.

ಮರುದಿನ ಮೀನು ನಿಜವಾಗಿಯೂ ಬಂತು. ಗಂಡು ಮೀನುಗಳು ಚೆಲ್ಲಿದ ಬೀಜದಿಂದ ದಡದ ನೀರೆಲ್ಲ ಹಾಲಿನಂತೆ ಬೆಳ್ಳಗಾಗಿದೆ. ನೀರುನಾಯಿಗೆ, ಹದ್ದಿಗೆ, ಅದೇ ಹಕ್ಕಿಗಳಿಗೆ ಸುಗ್ಗಿಯೋ ಸುಗ್ಗಿ. ನಾನು ಕೂಗದೆ ಇಲ್ಲಿ ಯಾರೂ ಬಲೆ ಇಳಿಸುವುದಿಲ್ಲ, ನಿಮಗೆ ಗೊತ್ತು. "ಅತ್ತಿಗೆ ಬರಲಿ ಬಿಡೋ, ಕಾಯ್ತೀವಿ" ಅಂತಾರೆ ಹಿರಿಯರು. ಮೀನು ಕಾಯಬೇಕಲ್ಲ! ಅದು ಹೋದರೆ ಕೇರಿಯ ಒಲೆಗಳೆಲ್ಲ ಆರುತ್ತವೆ.

ಕಾಗದ ಕೈಸೇರಿದ ದಿನದ ಬಸ್ಸಿಗೇ ತವರಿನಿಂದ ಹೊರಟು ಬನ್ನಿ. ಅಣ್ಣನ ಒಳ್ಳೆಯ ಅಂಗಿ ನಿಮ್ಮ ಪೆಟ್ಟಿಗೆಯಲ್ಲಿದ್ದರೆ ತನ್ನಿ. ಆಮೇಲೆ ಬಂಡೆಯ ಮೇಲೆ ನನ್ನ ಪಕ್ಕ ನಿಲ್ಲಿ. ಒಬ್ಬನೇ ನಿಂತು ಬಾಯಿ ತೆರೆದರೆ "ಬಂತು" ಅಂತ ಬರುತ್ತಿಲ್ಲ, "ಅಣ್ಣಾ" ಅಂತಲೇ ಹೊರಡುತ್ತೆ.

ನಿಮ್ಮ ಮೈದುನ,
ಗಂಟಲಪ್ಪ