ಯಾರ ಮನೆಯೂ ಅಲ್ಲದ ಹಡಗು

ಭಾನುವಾರ, ತಾರೀಖು ೧೪
ಅಂಗಡಿಯ ಮೇಲಿನ ಮನೆಯಿಂದ

ನನ್ನ ದೊರೆಸಾನಿಗೆ,

ಮೊದಲು ನಿನ್ನ ಮೊಣಕಾಲಿನ ಸಮಾಚಾರ ಬರೆ, ಉಳಿದದ್ದೆಲ್ಲ ಆಮೇಲೆ. ಮೆಟ್ಟಿಲು ಇಳಿಯುವಾಗ ಈಗಲೂ ಗೋಡೆ ಹಿಡಿದುಕೊಳ್ಳುತ್ತೀಯೋ, ಇಲ್ಲ ಆ ಹೊಸ ಮುಲಾಮು ಏನಾದರೂ ಕೆಲಸ ಮಾಡಿತೋ? ಮಗಳ ತಲೆನೋವು ಹೇಗಿದೆ? ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದವಳನ್ನು ಯಾರೂ ಎಬ್ಬಿಸಕೂಡದು, ಇದು ಅಪ್ಪನ ಆರ್ಡರು ಎಂದು ಹೇಳು. ಅಳಿಯಂದಿರ ಬೆನ್ನು ನೆಟ್ಟಗಾಯಿತೇ? ಆ ಮನೆಯ ಸೋಫಾದಲ್ಲಿ ಕೂತರೆ ಎಂಥವನ ಬೆನ್ನೂ ಬಾಗುತ್ತದೆ, ಸ್ಪ್ರಿಂಗು ಸತ್ತಿದೆ ಎಂದು ನಾನು ಆಗಲೇ ಹೇಳಿದ್ದೆ. ನಮ್ಮ ಮೊಮ್ಮಗಳು ಚಿಟ್ಟೆಯ ಮುಂದಿನ ಹಲ್ಲು ಬಿತ್ತೋ ಇನ್ನೂ ಜೋತಾಡುತ್ತಿದೆಯೋ? ನನ್ನ ಆರೋಗ್ಯಕ್ಕೇನೂ ಧಾಡಿಯಿಲ್ಲ.

ಫೋನ್ ಇರುವಾಗ ಈ ಮುದುಕ ಕಾಗದ ಬರೆಯುತ್ತಾನಲ್ಲ ಎಂದು ನಗಬೇಡ. ಫೋನಿನಲ್ಲಿ ನಾನು ಹಲೋ ಅನ್ನುವಷ್ಟರಲ್ಲಿ ಚಿಟ್ಟೆ ಕಿತ್ತುಕೊಳ್ಳುತ್ತಾಳೆ. ಅವಳಾದ ಮೇಲೆ ಅಳಿಯಂದಿರು, ಊಟ ಆಯ್ತಾ ಮಾವ, ಅಂಗಡಿ ಹೇಗಿದೆ ಮಾವ ಎಂದು. ಕೊನೆಗೆ ನಿನ್ನ ಸರದಿ ಬರುವ ಹೊತ್ತಿಗೆ ಒಲೆಯ ಮೇಲೆ ಏನೋ ಉಕ್ಕುತ್ತಿರುತ್ತದೆ, “ಇಡ್ಲಾ?” ಅನ್ನುತ್ತೀಯ. ಇಡು ಅನ್ನುತ್ತೇನೆ. ನಾನು ಶಾಲೆಯ ಬೆಂಚು ಹೆಚ್ಚು ಸವೆಸಿದವನಲ್ಲ. ಅಂಗಡಿಗೆ ರಿಪೇರಿಗೆ ಬಂದ ಹಳೇ ಸೋಫಾ ಬಿಚ್ಚಿದಾಗ ಒಳಗೆ ತುರುಕಿರುತ್ತಿದ್ದ ದಿನಪತ್ರಿಕೆಗಳನ್ನು ಓದಿ ಓದಿ ಬರೆಯಲು ಕಲಿತವನು. “ನೀವು ಬರೆದ್ರೆ ಯಾರೋ ಉದ್ಘಾಟನೆ ಮಾಡಿದ ಹಾಗಿರುತ್ತೆ” ಎಂದು ನೀನೇ ಗೇಲಿ ಮಾಡುತ್ತಿದ್ದೆ. ಆದರೂ ಬರೆಯುತ್ತೇನೆ. ಕಾಗದ ಒಲೆಯ ಮೇಲಿನದು ಇಳಿಯುವವರೆಗೆ ಕಾಯುತ್ತದೆ.

ಈಗ ಸುದ್ದಿ ಕೇಳು. ನಾನು ಹಡಗು ಹತ್ತುತ್ತಿದ್ದೇನೆ. ಸಾಮಾನು ಸಾಗಿಸುವ ಹಡಗಲ್ಲ, ಜನ ಸುಮ್ಮನೆ ತಿರುಗಾಡಲು ಹೋಗುವ ಹಡಗು. ಮಹಡಿಯ ಮೇಲೆ ಮಹಡಿ, ಒಳಗೇ ಅಂಗಡಿ, ಒಳಗೇ ಸಿನಿಮಾ, ಸಮುದ್ರದ ಮೇಲೆ ತೇಲುತ್ತಾ ಇನ್ನೊಂದು ಈಜುಕೊಳ. ಅದೇಕೆ ಎಂದು ನನ್ನನ್ನು ಕೇಳಬೇಡ. ಒಂದು ವಾರ ಸುತ್ತಿ, ದಾರಿಯಲ್ಲಿ ಒಂದೆರಡು ಊರು ಮುಟ್ಟಿ, ಹೊರಟ ಬಂದರಿಗೇ ವಾಪಸ್ಸು. ಬರುವ ತಿಂಗಳ ಕೊನೆಯ ಶನಿವಾರ ಪ್ರಯಾಣ. ಟಿಕೆಟ್ಟು ಇಬ್ಬರಿಗೆ. ನನಗೊಂದು, ನಿನಗೊಂದು. ಬೈಯುವುದನ್ನು ಪತ್ರ ಮುಗಿಯುವವರೆಗೆ ತಡೆದುಕೋ. ನೀನು ಬರಲಾಗದಿದ್ದರೂ ಅಡ್ಡಿಯಿಲ್ಲ, ನಾನೊಬ್ಬನೇ ಹೋಗಿ ಬರುತ್ತೇನೆ.

ಇದು ತಲೆಗೆ ಹೊಕ್ಕಿದ್ದು ಹೇಗೆಂದರೆ, ಮುಖ್ಯ ರಸ್ತೆಯ ಟಿಕೆಟ್ ಆಫೀಸಿನವರು ತಮ್ಮ ಉದ್ದನೆಯ ಸೋಫಾಕ್ಕೆ ಹೊಸ ಹೊದಿಕೆ ಹಾಕಿಸಲು ಕರೆದಿದ್ದರು. ಬಾಗಿಲಲ್ಲಿ ಹಿಡಿಸದಷ್ಟು ದೊಡ್ಡದು, ಅಲ್ಲೇ ಕೂತು ಬಿಚ್ಚಿ ಹೊಲಿದೆ. ಎದುರು ಗೋಡೆಯ ಟಿ.ವಿ.ಯಲ್ಲಿ ಬೆಳಗಿಂದ ಸಂಜೆವರೆಗೆ ಅದೇ ಹಡಗು, ಅದೇ ಸಂಗೀತ. ಕುಣಿಯುವವರು, ಈಜುವವರು ಎಲ್ಲ ಬಂದು ಹೋದ ಮೇಲೆ ಕೊನೆಯಲ್ಲಿ ಒಬ್ಬ ಮುದುಕ, ಒಬ್ಬ ಮುದುಕಿ. ಕಂಬಿಗೆ ಒರಗಿ ನಿಂತಿರುತ್ತಾರೆ. ಅವನು ಈ ಕಡೆ ನೋಡುತ್ತಿದ್ದರೆ ಅವಳು ಆ ಕಡೆ. ಮಾತಿಲ್ಲ. ಜಗಳವಾಡಿದ ಹಾಗೂ ಇಲ್ಲ. ಬಾಯಿ ತುಂಬ ಮೊಳೆ ಕಚ್ಚಿಕೊಂಡು ಅವರನ್ನೇ ನೋಡುತ್ತಾ ಕೂತುಬಿಟ್ಟೆ. ಟಿಕೆಟ್ ಹುಡುಗಿ, ಗುಂಗುರು ಕೂದಲಿನವಳು, “ಅಂಕಲ್, ಮೊಳೆ ನುಂಗ್‌ಬಿಟ್ಟೀರಾ!” ಎಂದು ಕೂಗಿದಳು. ಮೊಳೆ ಉಗುಳಿದವನೇ, “ಆ ಮುದುಕರ ಪಕ್ಕ ಜಾಗ ಇದ್ಯಾ ನೋಡಮ್ಮ” ಎಂದೆ. ತಮಾಷೆಗೇ ಅಂದದ್ದು. ಅವಳು ಮಾತ್ರ ಕಂಪ್ಯೂಟರು ತೆರೆದು, “ಯಾವ ತಿಂಗಳು ಬೇಕು?” ಎಂದಳು.

ತಯಾರಿಯ ಕಥೆ ಹೇಳಿದರೆ ನಗುತ್ತೀಯ. ನೆಲ ಅಲುಗಾಡಿದರೆ ತಲೆ ಸುತ್ತುವುದಕ್ಕೆ ಮಾತ್ರೆ ಬೇಕೆಂದು ಔಷಧಿ ಅಂಗಡಿಯವನ ಹತ್ತಿರ ಹೋದೆ. ಅವನ ನಾಲಿಗೆ ನಿನಗೆ ಗೊತ್ತಲ್ಲ. “ನಿಮಗೆ ತಲೆ ಸುತ್ತುತ್ತೋ ಇಲ್ವೋ ಮೊದ್ಲು ನೋಡ್ಕೊಳ್ಳಿ ಯಜಮಾನ್ರೇ. ಹೋಗಿ ಉಯ್ಯಾಲೆ ಮೇಲೆ ಕೂತ್ಕೊಳ್ಳಿ!” ಎಂದ. ಅವನು ತಮಾಷೆ ಮಾಡಿದ್ದ, ನಾನು ನಿಜವೆಂದುಕೊಂಡೆ. ಸಂಜೆ ಪಾರ್ಕಿಗೆ ಹೋಗಿ ಮಕ್ಕಳ ಉಯ್ಯಾಲೆಯಲ್ಲಿ ಕೂತೆ. ಪಕ್ಕೆಗೆ ಸರಪಳಿ ಒತ್ತುತ್ತಿತ್ತು, ಆದರೂ ಚೆನ್ನಾಗಿಯೇ ಜೀಕಿದೆ. ಸ್ವಲ್ಪ ಹೊತ್ತಿಗೆ ಮಗುವಿನ ಕೈ ಹಿಡಿದ ತಾಯಿಯೊಬ್ಬಳು ಬಂದು ನಿಂತು, “ತಾತ, ಇನ್ನೂ ಎಷ್ಟೊತ್ತು? ಇವನು ಆಗ್ಲಿಂದ ಕಾಯ್ತಿದಾನೆ” ಎಂದಳು. “ಆಯ್ತಮ್ಮ ಆಯ್ತು, ಹಡಗಿಗೆ ಅಭ್ಯಾಸ ಮಾಡ್ತಿದೀನಿ” ಎಂದೆ. ಅವಳು ನನ್ನನ್ನು ಒಂದು ತರಹ ನೋಡಿ, ಮಗುವನ್ನು ಎತ್ತಿಕೊಂಡು ಜಾರುಬಂಡೆಯ ಕಡೆ ನಡೆದೇಬಿಟ್ಟಳು. ಬಾಮ್ಮ, ಖಾಲಿಯಾಯ್ತು ಎಂದು ಹಿಂದಿನಿಂದ ಕೂಗಿದೆ. ತಿರುಗಲಿಲ್ಲ.

ತಲೆ ಸುತ್ತಲಿಲ್ಲ ಕಣೇ. ಒಂದು ಚೂರೂ ಸುತ್ತಲಿಲ್ಲ. ಅದನ್ನು ಹೇಳಿಕೊಳ್ಳಲು ಯಾರಾದರೂ ಇದ್ದರೆ ಚೆನ್ನಾಗಿತ್ತು ಅನ್ನಿಸಿತು. ಮನೆಗೆ ಬಂದು ಬೀಗ ತೆಗೆದೆ, ದೀಪ ಹಾಕಿದೆ, ಕೈಕಾಲು ತೊಳೆದೆ. ಅಷ್ಟು ಹೊತ್ತಿಗೆ ಆ ಮಾತು ಹಳಸಿಹೋಗಿತ್ತು.

ಹಡಗಿನಲ್ಲಿ ಒಂದು ಸಂಜೆ ಎಲ್ಲರೂ ಠಾಕುಠೀಕಾಗಿ ಬಟ್ಟೆ ಹಾಕಿಕೊಂಡು ಊಟಕ್ಕೆ ಕೂರಬೇಕಂತೆ. ದೊಡ್ಡ ಮೇಜು, ಸುತ್ತ ಗುರುತಿಲ್ಲದವರು. ನನಗೊಂದು ಕಪ್ಪು ಕೋಟು ಹೊಲಿಸಿದ್ದೇನೆ, ಹಾಕಿಕೊಂಡರೆ ಬ್ಯಾಂಡಿನವನ ಹಾಗೆ ಕಾಣುತ್ತೇನೆ. ಎರಡು ದಿನ ಅದನ್ನು ತೊಟ್ಟುಕೊಂಡೇ ಅಡುಗೆಮನೆಯ ಮೇಜಿನಲ್ಲಿ ಊಟ ಮಾಡಿ ನೋಡಿದೆ. ಎದುರು ಕುರ್ಚಿಗೆ, “ಹವಾ ಚೆನ್ನಾಗಿದೆ ಅಲ್ವಾ” ಎಂದೆ. ಊಟದ ಹೊತ್ತಿನಲ್ಲಿ ಮಾತಾಡುವುದು ಬಿಟ್ಟುಹೋಗಿದೆ, ಅಭ್ಯಾಸ ಬೇಕು. ನಿನ್ನ ಬೂದು ಬಣ್ಣದ ಕೋಟು ಬಾಗಿಲ ಹಿಂದಿನ ಗೂಟದಲ್ಲೇ ಇತ್ತು, ಒಗೆಯುವ ಅಂಗಡಿಗೆ ಕೊಟ್ಟೆ. ಅಂಗಡಿಯವನು ಕೋಟು ತಿರುಗಿಸಿ ನೋಡಿ, “ಏನು, ಅಮ್ಮಾವ್ರು ಬಂದ್ರಾ?” ಎಂದ. ಬರುವ ತಿಂಗಳು ಎಂದೆ.

ಈ ಮಾತು ಕೇಳಿ ನಿನಗೆ ನಗು ಬರಬಹುದು, ಸಿಟ್ಟೂ ಬರಬಹುದು. ಚಿಟ್ಟೆ ಹುಟ್ಟಿದಾಗ ಬಾಣಂತನಕ್ಕೆಂದು ಪೆಟ್ಟಿಗೆ ಹಿಡಿದುಕೊಂಡು ಹೋದೆಯಲ್ಲ, ಆವತ್ತಿನಿಂದ ಬೀದಿಯಲ್ಲಿ ಯಾರು ಕೇಳಿದರೂ ನನ್ನದು ಇದೇ ಉತ್ತರ. ಈಗ ಆ ಮಗು ಶಾಲೆಗೆ ಹೋಗುತ್ತಿದೆ. ಮೊದಲು ದಿನಾ ಕೇಳುತ್ತಿದ್ದರು, ನನಗೆ ರೇಗುತ್ತಿತ್ತು. ಆಮೇಲೆ ಅಪರೂಪಕ್ಕೆ ಕೇಳಿದರು. ಆಮೇಲೆ ಕೇಳುವುದನ್ನೇ ಬಿಟ್ಟರು. ಒಗೆಯುವವನು ಕೇಳಿದಾಗ ಅವನ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು.

ತಪ್ಪು ನಿನ್ನದೆಂದು ಬರೆಯುತ್ತಿಲ್ಲ, ನನ್ನದೆಂದೂ ಬರೆಯುತ್ತಿಲ್ಲ. ನಾವೇನು ಜಗಳವಾಡಿ ಬೇರೆಯಾದವರೇ? ಮಗಳಿಗೆ ಪಾಳಿಯ ಕೆಲಸ, ಅಳಿಯಂದಿರಿಗೆ ಲಾರಿಯ ಓಡಾಟ, ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕೇ ಬೇಕಿತ್ತು. “ಅಲ್ಲಿಗೆ ಬಂದು ನಾನು ಏನ್ ಮಾಡ್ಲಿ, ನೀವು ಬೆಳಗಾದ್ರೆ ಅಂಗಡಿಗೆ ಇಳೀತೀರಿ, ಇಲ್ಲಿ ನಾನು ಬೇಕು” ಎಂದು ನೀನು ಒಮ್ಮೆ ಹೇಳಿದೆ. ಸರಿಯಾದ ಮಾತೇ. ಇಲ್ಲಿಯೂ ಬೇಕು ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ ಚಿಟ್ಟೆ ಎದ್ದು ಅತ್ತಳು.

ಕಳೆದ ಸಲ ಅಲ್ಲಿಗೆ ಬಂದಾಗ ನಡೆದದ್ದು ನಿನಗೆ ನೆನಪಿರಲಾರದು, ಅಷ್ಟು ಸಣ್ಣದು. ಬೆಳಗ್ಗೆ ನಾನು ಸೋಫಾದ ಮೇಲಿನ ಹಾಸಿಗೆ ಮಡಿಸುತ್ತಿದ್ದೆ. ನೀನು ಚಹಾ ಮಾಡುತ್ತಾ ಅಡುಗೆಮನೆಯಿಂದಲೇ ಕೇಳಿದೆ: “ನಿಮಗೆ ಸಕ್ಕರೆ ಎಷ್ಟು ಹಾಕ್ಲಿ?” ಒಂದೂವರೆ ಚಮಚ ಎಂದೆ. ಮನೆಗೆ ಬಂದ ಇನ್ಶೂರೆನ್ಸಿನವನು ಹೇಳಿದ ಹಾಗೆ ಹೇಳಿದೆ. ಮದುವೆಯಾದ ದಿನದಿಂದ ನನ್ನ ಲೋಟಕ್ಕೆ ಸಕ್ಕರೆ ಹಾಕಿದವಳು ನೀನು. ಬೇಜಾರಾಗುವ ಮೊದಲು ನಿನ್ನ ಮುಖ ನೋಡಿದೆ. ಕನ್ನಡಕದ ಚೌಕಟ್ಟು ಬೇರೆಯಾಗಿತ್ತು. ಯಾವಾಗ ಬದಲಾಯಿಸಿದೆ, ಹಳೆಯದು ಮುರಿಯಿತೇ, ಕಣ್ಣಿನ ಡಾಕ್ಟರ ಹತ್ತಿರ ಜೊತೆಗೆ ಯಾರು ಬಂದಿದ್ದರು, ನನಗೆ ಒಂದೂ ತಿಳಿಯದು. ಮತ್ತೆ ಸಕ್ಕರೆಯ ಮೇಲೆ ಯಾವ ಮುಖ ಇಟ್ಟುಕೊಂಡು ಮುನಿಸಿಕೊಳ್ಳಲಿ? ಚಹಾ ಕುಡಿದು ಚೆನ್ನಾಗಿದೆ ಎಂದೆ. “ಇನ್ನು ಎಷ್ಟು ದಿನ ಇರ್ತೀರಿ?” ಎಂದು ನೀನು ಕೇಳಿದೆ. ಹಾಲಿನವನಿಗೆ ಹೇಳುವುದಕ್ಕೆ ಕೇಳಿದ್ದು, ನನಗೆ ಗೊತ್ತು. ಆದರೂ ಮಧ್ಯಾಹ್ನದ ಬಸ್ಸಿಗೇ ಹೊರಟುಬಂದೆ.

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಅದು ಮಗಳ ಮನೆ, ನಾನಲ್ಲಿ ನೆಂಟ. ಇದು ನನ್ನ ಅಂಗಡಿಯ ಮೇಲಿನ ಮನೆ. ನೀನು ಇಲ್ಲಿಗೆ ಬಂದರೆ ನಿನ್ನ ಪಾತ್ರೆಗಳೆಲ್ಲ ನನಗೆ ತೋಚಿದ ಕಡೆ ಇವೆ, ಕೇಳಿ ಕೇಳಿ ತೆಗೆದುಕೊಳ್ಳಬೇಕು. ನೀನೂ ನೆಂಟಳೇ. ನಾವಿಬ್ಬರೂ ಎದುರುಬದುರು ಕೂರುವ ಜಾಗವೇ ಇಲ್ಲವಾಗಿದೆ. ಹಡಗು ಯಾರ ಮನೆಯೂ ಅಲ್ಲ, ದೊರೆಸಾನಿ. ಅಲ್ಲಿ ಒಲೆ ಯಾರದೋ, ಉಕ್ಕಿದರೆ ಉಕ್ಕಲಿ. ಚಹಾ ಬೇರೆ ಯಾರೋ ತಂದಿಡುತ್ತಾರೆ, ಸಕ್ಕರೆ ಪಕ್ಕದಲ್ಲೇ ಇರುತ್ತದೆ, ಅವರವರೇ ಹಾಕಿಕೊಳ್ಳುವುದು. ನಿನಗೆ ನನ್ನ ಜೊತೆ ಮಾತಾಡಬೇಕೆಂದೇನೂ ಇಲ್ಲ. ನಾನು ಈ ಕಡೆ ನೋಡಿದರೆ ನೀನು ಆ ಕಡೆ ನೋಡು.

ಮಗುವಿನ ಚಿಂತೆ ಬೇಡ. ಮಗಳಿಗೆ ಆ ವಾರ ರಜೆ ಸಿಗುತ್ತದೋ ಎಂದು ಕೇಳಿದೆ, ಸಿಗುತ್ತದಂತೆ. ಏಕೆಂದು ಅವಳು ಕೇಳಿದಳು, ನಾನು ಹೇಳಲಿಲ್ಲ. ಮೊದಲು ನಿನಗೇ ತಿಳಿಯಲಿ ಎಂದು. ಹಾಗಾಗಿ ಈ ಕಾಗದ ಓದಿ ನೀನು ಬೇಡವೆಂದರೂ ಅದು ನಮ್ಮಿಬ್ಬರ ಮಧ್ಯೆಯೇ ಉಳಿಯುತ್ತದೆ. ಔಷಧಿ ಅಂಗಡಿಯವನಿಗೂ ನನ್ನ ಪ್ರಯಾಣದ ವಿಷಯ ಮಾತ್ರ ಗೊತ್ತು. “ನಿಮ್ ಜೊತೆ ಯಾರೂ ಇಲ್ದಿದ್ರೆ ನನ್ನನ್ನೇ ಕರ್ಕೊಂಡೋಗಿ, ಮಾತ್ರೆ ಫ್ರೀ” ಎಂದು ಹಲ್ಲು ಕಿರಿದ.

ಮೇಲೆ, ನಾನೊಬ್ಬನೇ ಹೋಗಿ ಬರುತ್ತೇನೆ ಎಂದು ಬರೆದೆನಲ್ಲ, ಈಗ ಓದಿಕೊಂಡಾಗ ನಾಚಿಕೆಯಾಯಿತು. ಬರೀ ಬಡಾಯಿ. ನೀನಿಲ್ಲದೆ ನಾನು ಹತ್ತುವುದಿಲ್ಲ. ಅಷ್ಟು ಜನರ ಮಧ್ಯೆ ಒಬ್ಬನೇ ಕೂತು ಉಣ್ಣುವುದಕ್ಕಿಂತ ಆ ಅಡುಗೆಮನೆಯ ಕುರ್ಚಿಯೇ ವಾಸಿ, ಅದರ ಪರಿಚಯವಾದರೂ ಇದೆ.

ಬಂದರೆ ಆಮೇಲೆ ಇಲ್ಲಿಗೇ ಬಂದುಬಿಡಬೇಕು ಎಂಬ ಕರಾರೇನೂ ಇಲ್ಲ. ಹಡಗು ಇಳಿದು ಹೊರಗೆ ಬಂದರೆ ಅಲ್ಲೇ ಬಸ್ ನಿಲ್ದಾಣ. ನಿನ್ನ ಕಡೆಗೆ ಹೋಗುವ ಬಸ್ಸೂ ಇದೆ, ನನ್ನ ಕಡೆಗೆ ಹೋಗುವುದೂ ಇದೆ, ವಿಚಾರಿಸಿದ್ದೇನೆ. ನಿನ್ನ ಪೆಟ್ಟಿಗೆಯನ್ನು ನೀನು ಹೇಳಿದ ಬಸ್ಸಿಗೆ ಹತ್ತಿಸಿಕೊಡುತ್ತೇನೆ, ಮುಖ ಸಣ್ಣ ಮಾಡುವುದಿಲ್ಲ. ಮಾಡಿದರೂ ನೀನು ನೋಡದ ಹಾಗೆ ಮಾಡುತ್ತೇನೆ.

ಮಗಳಿಗೆ, ಅಳಿಯಂದಿರಿಗೆ ನನ್ನ ಆಶೀರ್ವಾದ. ಚಿಟ್ಟೆಗೆ ಮುತ್ತು. ನಿನಗೆ ಏನು ಬರೆಯಬೇಕೆಂದು ತೋಚದೆ ಇಷ್ಟು ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಕಾಲು ಹುಷಾರು.

ಎಂದೆಂದಿಗೂ ನಿನ್ನವನೇ ಆದ
ಕುರ್ಚಿ ರಿಪೇರಿಯವ

ಕೊನೆಗೊಂದು ಮಾತು: ಒಂದು ವಿಷಯ ಬರೆಯಲೋ ಬೇಡವೋ ಎಂದು ಬಿಟ್ಟಿದ್ದೆ. ಟಿಕೆಟ್ ಹುಡುಗಿ, “ಆಂಟಿಗೂ ನಿಮಗೂ ಒಂದೇ ರೂಮು ತಾನೇ ಅಂಕಲ್?” ಎಂದು ಕೇಳಿ ಬೆರಳು ಕೀಲಿಮಣೆಯ ಮೇಲಿಟ್ಟೇ ಕಾಯುತ್ತಿದ್ದಳು. ನನ್ನ ಬಾಯಿಂದ ಹೂಂ ಬರಲಿಲ್ಲ. ಎರಡು ಮಾಡಮ್ಮ ಎಂದೆ. ಅವಳು ತಲೆಯೆತ್ತಿ ನೋಡಿದಳು. ಜಾಣೆ. ಅಕ್ಕಪಕ್ಕದ ಕೋಣೆಗಳನ್ನೇ ಹುಡುಕಿ ಕೊಟ್ಟಳು. ಎರಡಕ್ಕೂ ನಡುವೆ ಒಂದು ಬಾಗಿಲಿದೆಯಂತೆ, ಎರಡು ಕಡೆಯಿಂದಲೂ ಚಿಲಕವಂತೆ. ನನ್ನ ಕಡೆಯದನ್ನು ನಾನು ಹಾಕುವುದಿಲ್ಲ. ನಿನ್ನ ಕಡೆಯದು ನಿನ್ನಿಷ್ಟ, ಏಳು ದಿನವೂ ಹಾಕಿಕೊಂಡೇ ಇದ್ದರೂ ಸರಿ. ಗೋಡೆಯಾಚೆ ನೀನು ಕೆಮ್ಮಿದ್ದು ಕೇಳಿಸಿದರೆ ನನಗೆ ಸಾಕು. ಬರುತ್ತೀಯೋ ಇಲ್ಲವೋ, ಬೇಗ ಬರೆ.